ಫೇರ್‌ವೇ ಹುಲ್ಲಿನ ಮೇಲಿಂದ 3 ವುಡ್ ಏಳ್ತಾನೇ ಇಲ್ಲ. 5 ತಗೊಳ್ಳಲಾ, 7 ತಗೊಳ್ಳಲಾ, ಹೈಬ್ರಿಡ್ಡಾ?

ಮೈಸೂರು_ಎಸ್:

ಎಲ್ಲರಿಗೂ ನಮಸ್ಕಾರ. ಬ್ಯಾಂಕ್ ಕೆಲಸದಿಂದ ನಿವೃತ್ತಿಯಾದ ಮೇಲೆ ಗಾಲ್ಫ್ ಶುರು ಮಾಡಿದವಳು ನಾನು. ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನಲ್ಲಿ ಆಡ್ತೀನಿ, ರೇಸ್ ಕೋರ್ಸ್ ಒಳಗಿರೋದು. ಹ್ಯಾಂಡಿಕ್ಯಾಪ್ 28. ಡ್ರೈವರ್ ಬಗ್ಗೆ ತಕರಾರಿಲ್ಲ, 150 ಯಾರ್ಡ್ ಹೋಗುತ್ತೆ, ನೇರವಾಗೇ ಹೋಗುತ್ತೆ. ಗ್ರೀನ್ ಹತ್ತಿರ ಬಂದ ಮೇಲೆ ಚಿಪ್ಪಿಂಗ್, ಪಟ್ಟಿಂಗ್ ಎರಡೂ ಕೈಗೆ ಹತ್ತಿವೆ.

ತೊಂದರೆ ಇರೋದು ಇವೆರಡರ ನಡುವೆ. ಪಾರ್ 4ರಲ್ಲಿ (ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್) ಡ್ರೈವ್ ಆದ್ಮೇಲೆ ನನಗೆ ಇನ್ನೂ 150, 170 ಯಾರ್ಡ್ ಉಳಿದಿರುತ್ತೆ. ಮಗ ಡಲ್ಲಾಸ್‌ನಿಂದ ಬರುವಾಗ ತಂದುಕೊಟ್ಟ 3 ವುಡ್ (ದೂರ ಹೊಡೆಯೋ ದಪ್ಪ ತಲೆಯ ಕ್ಲಬ್) ಒಂದಿದೆ. 15 ಡಿಗ್ರಿ ಲಾಫ್ಟ್ (ಮುಖದ ಓರೆ), ಸ್ಟಿಫ್ ಶಾಫ್ಟ್ (ಹೆಚ್ಚು ಬಾಗದ ಕೋಲು), 43 ಇಂಚು ಉದ್ದ. ಟೀ ಮೇಲಿಟ್ಟರೆ ಚೆನ್ನಾಗೇ ಹೋಗುತ್ತೆ. ಫೇರ್‌ವೇ ಮೇಲಿಂದ, ಅಂದರೆ ಕತ್ತರಿಸಿದ ಹುಲ್ಲಿನ ಮೇಲಿಂದ ಹೊಡೆದರೆ ಚೆಂಡಿನ ನೆತ್ತಿಗೆ ತಗುಲಿ, ನೆಲದ ಮೇಲೇ ಉರುಳಿಕೊಂಡು 60 ಯಾರ್ಡ್‌ಗೆ ನಿಂತುಬಿಡುತ್ತೆ. ಇಲ್ಲದಿದ್ರೆ ಚೆಂಡಿಗಿಂತ ನಾಲ್ಕು ಇಂಚು ಹಿಂದೆ ನೆಲಕ್ಕೆ ಬಡಿಯುತ್ತೆ. ಜೊತೆಗಾರರೆಲ್ಲ "ತಲೆ ಎತ್ತಬೇಡಿ" ಅಂತಾರೆ. ತಲೆ ಎತ್ತದೇ ಹೊಡೆದರೂ ಫಲ ಅದೇ.

ಅಂಗಡಿಯಲ್ಲಿ ಕೇಳಿದರೆ ಹೈಬ್ರಿಡ್ (ವುಡ್ಡಿಗೂ ಐರನ್ನಿಗೂ ನಡುವಿನ ಕ್ಲಬ್) ತಗೊಳ್ಳಿ ಅಂದ್ರು. ನಮ್ಮ ಗುಂಪಿನಲ್ಲಿ ಒಬ್ಬರು 7 ವುಡ್ ಅಂತಾರೆ, ಇನ್ನೊಬ್ಬರು 3 ವುಡ್ಡನ್ನೇ ಅಭ್ಯಾಸ ಮಾಡಿ ಅಂತಾರೆ. ನನ್ನ ಎತ್ತರ 5 ಅಡಿ 2 ಇಂಚು. ಯಾವುದನ್ನ ತಗೊಳ್ಳೋದು, ಹೇಗೆ ಹೊಡೆಯೋದು? ಎರಡನ್ನೂ ಬಿಡಿಸಿ ಹೇಳೋರಿದ್ದರೆ ದಯವಿಟ್ಟು ಹೇಳಿ.


ಚಲ್ಲಘಟ್ಟ_ಬ್ಯಾಗ್:

ನಮಸ್ಕಾರ ಮೇಡಂ. ನಾನು ಬೆಂಗಳೂರಲ್ಲಿ ಹುಡುಗನಾಗಿದ್ದಾಗಿನಿಂದ ಬೇರೆಯವರ ಬ್ಯಾಗ್ ಹೊತ್ತವನು. ಈಗ ಒಂದು ರೇಂಜ್‌ನಲ್ಲಿ ಕಲಿಸ್ತೀನಿ. ನಿಮ್ಮ ಥರದ ಪ್ರಶ್ನೆ ತಗೊಂಡು ಬರೋರೇ ನನ್ನ ಹತ್ತಿರ ಜಾಸ್ತಿ, ಅದಕ್ಕೆ ಸ್ವಲ್ಪ ಉದ್ದವಾಗೇ ಬರೀತೀನಿ.

ಮೊದಲು "ತಲೆ ಎತ್ತಬೇಡಿ" ಅನ್ನೋ ಮಾತನ್ನ ಪಕ್ಕಕ್ಕಿಡಿ. ನೆತ್ತಿಗೆ ಹೊಡೆಯೋರಲ್ಲಿ ತಲೆ ಎತ್ತಿದ್ದರಿಂದ ಹಾಗಾದವರನ್ನ ನಾನು ನೋಡಿರೋದು ಬಹಳ ಕಮ್ಮಿ. ಆಗೋದು ಹೀಗೆ. 15 ಡಿಗ್ರಿ ಮುಖದ ಕ್ಲಬ್ ಹುಲ್ಲಿನ ಮೇಲಿರೋ ಚೆಂಡನ್ನ ಎತ್ತಿ ಹಾರಿಸಬೇಕಾದರೆ ಅದಕ್ಕೆ ವೇಗ ಬೇಕು. ಡ್ರೈವರ್ 150 ಯಾರ್ಡ್ ಹೋಗೋ ಕೈಯಲ್ಲಿ ಆ ವೇಗ ಇರಲ್ಲ. ಅದು ನಿಮ್ಮ ಕೊರತೆ ಅಲ್ಲ ಮೇಡಂ, ಆ ಕ್ಲಬ್ ನಿಮಗೋಸ್ಕರ ಮಾಡಿದ್ದಲ್ಲ. ನೀವು ಸರಿಯಾಗೇ ಹೊಡೆದಾಗಲೂ ಚೆಂಡು ಮೊಣಕಾಲೆತ್ತರದಲ್ಲೇ ಹೋಗಿರುತ್ತೆ. ಅದನ್ನ ನೋಡಿದ ಮೈ ಮುಂದಿನ ಸಲ ತಾನಾಗೇ ಚೆಂಡನ್ನ ಮೇಲೆತ್ತೋಕೆ ಹೋಗುತ್ತೆ. ಭಾರ ಬಲಗಾಲಲ್ಲೇ ಉಳಿಯುತ್ತೆ, ಎಡಮೊಣಕೈ ಮಡಚುತ್ತೆ, ಕ್ಲಬ್ ಚೆಂಡಿಗಿಂತ ಹಿಂದೆಯೇ ಅತಿ ಕೆಳಗೆ ಬಂದು, ಚೆಂಡಿನ ಹತ್ತಿರ ಬರೋ ಹೊತ್ತಿಗೆ ಮೇಲೇರ್ತಾ ಇರುತ್ತೆ. ಆಗ ಒಂದೋ ಹಿಂದೆ ನೆಲಕ್ಕೆ ಬಡಿಯುತ್ತೆ, ಇಲ್ಲಾ ನೆತ್ತಿಗೆ ತಗಲುತ್ತೆ. ನೀವು ಹೇಳಿದ ಎರಡು ತೊಂದರೆಗೂ ಬೇರು ಒಂದೇ. ಲಾಫ್ಟ್ ಕಮ್ಮಿ ಇರೋ ಕ್ಲಬ್ಬೇ ನಿಮಗೆ ಕೆಟ್ಟ ಸ್ವಿಂಗ್ ಕಲಿಸ್ತಾ ಇದೆ. ಅದನ್ನೇ ಹಿಡಿದು ಎಷ್ಟು ಅಭ್ಯಾಸ ಮಾಡಿದ್ರೂ ಆ ಎತ್ತೋ ಚಾಳಿಯೇ ಗಟ್ಟಿಯಾಗುತ್ತೆ.

ಅದಕ್ಕೇ ಕ್ಲಬ್ ಆರಿಸೋದೂ ಹೊಡೆಯೋದೂ ಎರಡು ಬೇರೆ ಪ್ರಶ್ನೆ ಅಂತ ನಾನು ನೋಡಲ್ಲ. ನಿಮಗೆ 7 ವುಡ್, 21 ಡಿಗ್ರಿ, ಲೇಡೀಸ್ ಶಾಫ್ಟ್. ಅದು ಕೈಗೆ ಹತ್ತಿದ ಮೇಲೆ 5 ವುಡ್, 18 ಅಥವಾ 19 ಡಿಗ್ರಿ. ಕೊಳ್ಳುವಾಗ ಕೆಳಗಿನ ನಂಬರ್ ನೋಡಬೇಡಿ, ಡಿಗ್ರಿ ಕೇಳಿ. ಒಂದು ಕಂಪನಿಯ 5 ವುಡ್ 17.5 ಇದ್ದರೆ ಇನ್ನೊಂದರದ್ದು 19 ಇರುತ್ತೆ. ಹೆಂಗಸರ ಸೆಟ್‌ಗಳಲ್ಲಿ ಇನ್ನೂ ಒಂದೆರಡು ಡಿಗ್ರಿ ಹೆಚ್ಚಿರುತ್ತೆ.

ಇನ್ನು ಹೊಡೆಯೋದು. ಡ್ರೈವರ್‌ಗೆ ಚೆಂಡು ಎಡ ಹಿಮ್ಮಡಿಯ ನೇರಕ್ಕೆ ಇಡ್ತೀರಲ್ಲ, 7 ವುಡ್‌ಗೆ ಅಲ್ಲಿಂದ ಎರಡು ಚೆಂಡಿನಷ್ಟು ಒಳಕ್ಕೆ, ಬಲಗಡೆಗೆ ತನ್ನಿ. 5 ವುಡ್‌ಗೆ ಒಂದೂವರೆ ಚೆಂಡು ಸಾಕು. ಗ್ರಿಪ್ಪಿನ ತುದಿ ಬಿಟ್ಟು ಒಂದಿಂಚು ಕೆಳಗೆ ಹಿಡೀರಿ. ಕಾಲು ಭುಜದಗಲ, ಡ್ರೈವರ್‌ಗಿಂತ ಸ್ವಲ್ಪ ಹತ್ತಿರ ನಿಲ್ಲಿ. ಆಮೇಲೆ ಚೆಂಡಿನ ಪಕ್ಕದಲ್ಲಿ ಎರಡು ಸಲ ಖಾಲಿ ಸ್ವಿಂಗ್ ಮಾಡಿ, ಕ್ಲಬ್ಬಿನ ತಳ ಹುಲ್ಲಿಗೆ ತಾಗೋ ಸದ್ದು ಕೇಳಿ. ಸರ್ ಅಂತ ಬರಬೇಕು. ದಪ್ ಅಂದ್ರೆ ಅಗೆದಿದ್ದೀರಿ, ಸದ್ದೇ ಇಲ್ಲ ಅಂದ್ರೆ ಮೇಲೇ ಹೋಗಿದೆ. ಸದ್ದು ಎಲ್ಲಿ ಬಂತು ಅನ್ನೋದೂ ಮುಖ್ಯ: ಚೆಂಡಿರೋ ಜಾಗದಲ್ಲಿ ಅಥವಾ ಅದಕ್ಕಿಂತ ಒಂದಿಂಚು ಮುಂದೆ ಬರಬೇಕು. ಹುಲ್ಲು ಕೊಯ್ಯೋರ ಕುಡುಗೋಲು ನೋಡಿದ್ದೀರಲ್ಲ, ನೆಲ ಅಗೆಯಲ್ಲ, ಬುಡ ಹಿಡಿದು ಸಾಗುತ್ತೆ. ಅಷ್ಟೇ ಬೇಕಾಗಿರೋದು. ಹೊಡೆದಾದ ಮೇಲೆ ಬಲಗಾಲಿನ ಹಿಮ್ಮಡಿ ಮೇಲೆದ್ದು, ಭಾರ ಪೂರ್ತಿ ಎಡಗಾಲಿಗೆ ಬಂದು, ಹೊಟ್ಟೆ ಗುರಿಯ ಕಡೆ ತಿರುಗಿರಬೇಕು. ಅಲ್ಲೇ ಮೂರು ಎಣಿಸೋವರೆಗೂ ಅಲ್ಲಾಡದೆ ನಿಂತರೆ ಸ್ವಿಂಗ್ ಸರಿಯಿದೆ ಅಂತ ಅರ್ಥ.

ಒಂದು ಅಭ್ಯಾಸ ಹೇಳ್ತೀನಿ. ಟೀಯನ್ನ ತಲೆ ಮಾತ್ರ ಕಾಣೋ ಹಾಗೆ ಪೂರ್ತಿ ನೆಲಕ್ಕೆ ಒತ್ತಿ. ಅದರ ಮೇಲೆ ಚೆಂಡಿಟ್ಟು ಹೊಡೆದು ಟೀ ಕಿತ್ತು ಬರೋ ಹಾಗೆ ಮಾಡಿ. ಟೀ ಬರ್ತಾ ಇದ್ದರೆ ಕ್ಲಬ್ ಚೆಂಡಿನ ಬುಡಕ್ಕೆ ಹೋಗ್ತಾ ಇದೆ. ಅದು ಹತ್ತಿದ ಮೇಲೆ ಟೀ ತೆಗೆದು ಬರೀ ಹುಲ್ಲಿನ ಮೇಲಿಂದ ಹೊಡೀರಿ.


ಬಿಟ್ಟಂಗಾಲ_ಕಾಫಿ:

ಮೇಲಿನವರು ಬರೆದದ್ದು ಬಹಳ ಉಪಯುಕ್ತವಾಗಿದೆ. ಆದರೂ ನಾನು ಹೈಬ್ರಿಡ್ ಪರವಾಗಿ ಮಾತನಾಡಬೇಕು. ನಾನು ಆಡುವುದು ವಿರಾಜಪೇಟೆ ಬಳಿ ಬಿಟ್ಟಂಗಾಲದ ಕೋರ್ಸಿನಲ್ಲಿ. ಜೂನ್ ಕಳೆದ ಮೇಲೆ ನಮ್ಮಲ್ಲಿ ನೆಲ ಒದ್ದೆ, ರಫ್ (ಫೇರ್‌ವೇ ಪಕ್ಕದ ಉದ್ದ ಹುಲ್ಲು) ದಟ್ಟ, ಸಮತಟ್ಟಾದ ಜಾಗ ಹುಡುಕಿದರೂ ಸಿಗುವುದಿಲ್ಲ. ಚೆಂಡು ಹುಲ್ಲಿನೊಳಗೆ ಕೂತಾಗ ವುಡ್ಡಿನ ಅಗಲ ತಲೆ ಹುಲ್ಲಿಗೆ ಸಿಕ್ಕಿ ತಿರುಚಿಕೊಳ್ಳುತ್ತದೆ. ಹೈಬ್ರಿಡ್ಡಿನ ಸಣ್ಣ ತಲೆ ಹುಲ್ಲನ್ನು ಸೀಳಿಕೊಂಡು ಹೋಗುತ್ತದೆ. ಶಾಫ್ಟ್ ಕೂಡ ಗಿಡ್ಡ. 22 ಡಿಗ್ರಿಯ ಹೈಬ್ರಿಡ್ ಎಂದರೆ 40 ಇಂಚಿನ ಆಸುಪಾಸು, 7 ವುಡ್‌ಗಿಂತ ಒಂದೂವರೆ ಎರಡು ಇಂಚು ಕಡಿಮೆ. ಎತ್ತರ ಕಡಿಮೆ ಇರುವವರಿಗೆ ಅದು ದೊಡ್ಡ ಅನುಕೂಲ. ಐರನ್ ಹೊಡೆಯುವ ಹಾಗೆಯೇ ಹೊಡೆಯಬಹುದು, ಹೊಸ ಸ್ವಿಂಗ್ ಕಲಿಯಬೇಕಿಲ್ಲ.

ಮೇಡಂ ಅವರೇ, ಎರಡನ್ನೂ ಒಮ್ಮೆ ಎರವಲು ತೆಗೆದುಕೊಂಡು ನಿಮ್ಮ ಕೋರ್ಸಿನಲ್ಲೇ ಹೊಡೆದು ನೋಡಿ, ಆಮೇಲೆ ಹಣ ಕೊಡಿ.


ವೈಟ್‌ಫೀಲ್ಡ್_ಸ್ಪಿನ್:

ನಾನು ಸಾಫ್ಟ್‌ವೇರ್ ಕೆಲಸದವನು, ಸಿಮ್ಯುಲೇಟರ್ ಹುಚ್ಚು ಜಾಸ್ತಿ. ಚಲ್ಲಘಟ್ಟದವರು ಅನುಭವದಿಂದ ಹೇಳಿದ್ದಕ್ಕೆ ಕೆಲವು ಅಂಕಿ ಜೋಡಿಸ್ತೀನಿ.

ಕ್ಲಬ್ಬು, ಚೆಂಡಿನ ಚಲನೆ ಅಳೆಯೋ ಟ್ರ್ಯಾಕ್‌ಮ್ಯಾನ್ ಕಂಪನಿ ಹಿಂದೆ ಪ್ರಕಟಿಸಿದ ವೃತ್ತಿಪರರ ಸರಾಸರಿಯಲ್ಲಿ, ಪಿಜಿಎ ಟೂರ್‌ನ ಗಂಡಸರು ಫೇರ್‌ವೇಯಿಂದ 3 ವುಡ್ ಹೊಡೆಯುವಾಗ ಕ್ಲಬ್ ಸುಮಾರು 3 ಡಿಗ್ರಿ ಕೆಳಮುಖವಾಗಿ ಚೆಂಡಿಗೆ ಬರುತ್ತೆ. ಎಲ್‌ಪಿಜಿಎ ಹೆಣ್ಣುಮಕ್ಕಳದ್ದು ಸುಮಾರು 1 ಡಿಗ್ರಿ, ಅದೂ ಕೆಳಮುಖವೇ. 7 ವುಡ್‌ಗೆ ಬಂದರೆ ಅವರೂ 3 ಡಿಗ್ರಿಯಷ್ಟು ಕೆಳಕ್ಕೆ ಹೊಡೀತಾರೆ. ಟೀ ಮೇಲಿಂದ ಹೊಡೆಯೋ ಡ್ರೈವರ್ ಬಿಟ್ಟರೆ, ಕೆಳಗಿನಿಂದ ಮೇಲಕ್ಕೆ ಎತ್ತಿ ಹೊಡೆಯೋದು ಇವರ ಸರಾಸರಿಯಲ್ಲಿ ಎಲ್ಲೂ ಕಾಣಲ್ಲ.

ಇನ್ನೊಂದು ವಿಷಯ ದೂರದ್ದು. ಅದೇ ಪಟ್ಟಿಯಲ್ಲಿ ಎಲ್‌ಪಿಜಿಎ ಆಟಗಾರ್ತಿಯರ ಹಾರಾಟದ ದೂರ 3 ವುಡ್‌ಗೆ 195, 5 ವುಡ್‌ಗೆ 185, 7 ವುಡ್‌ಗೆ 174 ಯಾರ್ಡ್. ಡ್ರೈವರನ್ನ ಗಂಟೆಗೆ 94 ಮೈಲಿ ವೇಗದಲ್ಲಿ ಬೀಸೋರಿಗೇ 3ಕ್ಕೂ 5ಕ್ಕೂ ನಡುವೆ ಸಿಗೋದು 10 ಯಾರ್ಡ್. ವೇಗ ಇನ್ನೂ ಕಮ್ಮಿ ಇದ್ದರೆ ಆ ವ್ಯತ್ಯಾಸ ಇಲ್ಲವಾಗುತ್ತೆ, ಎಷ್ಟೋ ಸಲ 5 ವುಡ್ಡೇ ಮುಂದೆ ಹೋಗಿರುತ್ತೆ, ಯಾಕೆಂದರೆ ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೆ. ಚೆಂಡು ಇಳಿಯೋ ಕೋನ 3 ವುಡ್‌ಗೆ 39 ಡಿಗ್ರಿ, 7 ವುಡ್‌ಗೆ 46. ಹಾಗಾಗಿ 7 ವುಡ್ ಗ್ರೀನ್ ಮೇಲೆ ಬಿದ್ದರೆ ನಿಲ್ಲುತ್ತೆ.

ಹೈಬ್ರಿಡ್ ವಿಚಾರಕ್ಕೆ ಬಂದರೆ, ಅಷ್ಟೇ ಲಾಫ್ಟ್ ಇದ್ದರೂ 7 ವುಡ್ ಎತ್ತರ ಜಾಸ್ತಿ ಹೋಗುತ್ತೆ. ಅದರ ತಲೆಯ ತೂಕ ಮುಖದಿಂದ ಹಿಂದಕ್ಕೆ, ತಳಕ್ಕೆ ಸರಿದಿರುತ್ತೆ, ಶಾಫ್ಟೂ ಉದ್ದ. ಇದು ಹೆಂಗಸರಿಗೆ, ವಯಸ್ಸಾದವರಿಗೆ ಮಾತ್ರ ಅಂತ ಯಾರಾದ್ರೂ ಅಂದ್ರೆ, 2020ರ ನವೆಂಬರ್‌ನಲ್ಲಿ ಮಾಸ್ಟರ್ಸ್ ಗೆದ್ದ ಡಸ್ಟಿನ್ ಜಾನ್ಸನ್ ಬ್ಯಾಗಿನಲ್ಲೂ 7 ವುಡ್ ಇತ್ತು ಅಂತ ಹೇಳಿ.


ಮೈಸೂರು_ಎಸ್:

ಎಲ್ಲರಿಗೂ ಧನ್ಯವಾದ. ಎತ್ತೋಕೆ ಹೋಗೋದರಿಂದಲೇ ಏಳ್ತಾ ಇಲ್ಲ ಅನ್ನೋದು ಈಗ ಅರ್ಥವಾಯಿತು. ಇನ್ನೆರಡು ಕೇಳ್ತೀನಿ. ಬೇಸಿಗೆಯಲ್ಲಿ ನಮ್ಮ ಫೇರ್‌ವೇ ಕೆಲವು ಕಡೆ ಗಟ್ಟಿಯಾಗಿ, ಹುಲ್ಲು ಸವೆದಿರುತ್ತೆ. ಅಲ್ಲಿ 7 ವುಡ್ ನಡೆಯುತ್ತಾ? ಮಗ ಕೊಟ್ಟ 3 ವುಡ್ಡನ್ನ ಮೂಲೆಗಿಡೋಕೆ ಮನಸ್ಸು ಬರಲ್ಲ. ಅದನ್ನ ಏನಾದರೂ ಮಾಡಿ ಉಪಯೋಗಿಸಬಹುದಾ?


ಚಲ್ಲಘಟ್ಟ_ಬ್ಯಾಗ್:

ಮೇಡಂ, ಬಹಳ ಒಳ್ಳೇ ಪ್ರಶ್ನೆ ಕೇಳಿದ್ರಿ. ಬ್ಯಾಗ್ ಹೊರೋ ಕಾಲದಲ್ಲಿ ಹಿರಿಯ ಕ್ಯಾಡಿಗಳು ನನಗೆ ಮೊದಲು ಕಲಿಸಿದ್ದೇ ಇದು. ಆಡೋರು ನಡೆದು ಬಂದು "ಎಷ್ಟು ಯಾರ್ಡ್" ಅಂತ ಕೇಳೋ ಮೊದಲೇ, ಚೆಂಡು ಹೇಗೆ ಕೂತಿದೆ ಅಂತ ಬಗ್ಗಿ ನೋಡಿರಬೇಕು. ಯಾರ್ಡ್ ಆಮೇಲೆ. ಕ್ಲಬ್ ಯಾವುದು ಅಂತ ಅರ್ಧ ತೀರ್ಮಾನ ನೆಲವೇ ಹೇಳುತ್ತೆ.

ಚೆಂಡಿನ ಕೆಳಗೆ ಬೆರಳು ದಪ್ಪದಷ್ಟಾದರೂ ಹುಲ್ಲು ಇದ್ದರೆ ವುಡ್ ತೆಗೀರಿ. ಬೋಳು ನೆಲದ ಮೇಲೆ ಕೂತಿದ್ದರೆ ಬೇಡ. ವುಡ್ಡಿನ ತಳ ಅಗಲ, ಗಟ್ಟಿ ನೆಲಕ್ಕೆ ತಾಗಿದ ಕೂಡಲೇ ಪುಟಿಯುತ್ತೆ, ಅಂಚು ಚೆಂಡಿನ ಹೊಟ್ಟೆಗೆ ಬಡಿಯುತ್ತೆ. ಫೆಬ್ರವರಿಯಿಂದ ಮೊದಲ ಮಳೆ ಬರೋವರೆಗೂ ನಮ್ಮ ಬೆಂಗಳೂರು, ಮೈಸೂರು ಕಡೆ ಇಂಥ ಜಾಗ ಸಿಕ್ಕೇ ಸಿಗುತ್ತೆ. ಆಗ ಬಿಟ್ಟಂಗಾಲದವರು ಹೇಳಿದ ಹೈಬ್ರಿಡ್ಡೇ ಸರಿ. ಅದಿಲ್ಲದಿದ್ದರೆ 6 ಐರನ್ ತಗೊಂಡು, ಚೆಂಡನ್ನ ಕಾಲಿನ ನಡುವೆ ಇಟ್ಟು, ತಗ್ಗಾಗಿ ಓಡಿಸಿ. ಗಟ್ಟಿ ನೆಲದಲ್ಲಿ ಚೆಂಡು ಉರುಳೋದೂ ಜಾಸ್ತಿ, ದೂರ ಅಷ್ಟೇನೂ ಹೋಗಲ್ಲ ಅಂತ ಚಿಂತೆ ಬೇಡ. ರಫ್‌ನಲ್ಲಿ ಅರ್ಧ ಚೆಂಡು ಮೇಲೆ ಕಾಣ್ತಾ ಇದ್ದರೆ 7 ವುಡ್ ಆಗುತ್ತೆ. ಕೊಡಗಿನ ಮಳೆಗಾಲದ ರಫ್ ಬೇರೆ, ಅಲ್ಲಿ ಅವರ ಮಾತನ್ನೇ ಕೇಳಿ. ಚೆಂಡು ಪೂರ್ತಿ ಮುಳುಗಿದ್ದರೆ ಎಲ್ಲಾ ಕಡೆಯೂ ವೆಡ್ಜ್, ಸುಮ್ಮನೆ ಫೇರ್‌ವೇಗೆ ಹಾಕಿ.

ಇಳಿಜಾರು ಇನ್ನೊಂದು. ಚೆಂಡು ಇಳಿಜಾರಿನಲ್ಲಿ ನಿಂತು ಗುರಿ ಕೆಳಗಡೆ ಇದ್ದರೆ, ನೆಲ ಎಷ್ಟು ಡಿಗ್ರಿ ಇಳಿದಿದೆಯೋ ಸರಿಸುಮಾರು ಅಷ್ಟು ಲಾಫ್ಟ್ ನಿಮ್ಮ ಕ್ಲಬ್ಬಿನಿಂದ ಕಳೀರಿ. ನೆಲ 5 ಡಿಗ್ರಿ ಇಳಿದಿದ್ದರೆ 21 ಡಿಗ್ರಿ ಹೋಗಿ 16 ಆಗುತ್ತೆ. ಭುಜವನ್ನ ಇಳಿಜಾರಿಗೆ ಸಮವಾಗಿ ಓರೆ ಮಾಡಿ ನಿಲ್ಲಿ, ಚೆಂಡನ್ನ ಇನ್ನೊಂದು ಚೆಂಡಿನಷ್ಟು ಬಲಕ್ಕೆ ತನ್ನಿ. ಅಲ್ಲೇ ಜನ ಎತ್ತೋಕೆ ಹೋಗೋದು ಹೆಚ್ಚು.

ನೆಲ ನೋಡಿ ಕ್ಲಬ್ ಆರಿಸೋದಕ್ಕೆ ನಾನು ಹುಡುಗರಿಗೆ ಹೇಳೋ ಉದಾಹರಣೆ ಒಂದಿದೆ. 1935ರ ಅಗಸ್ಟಾ (ಈಗಿನ ಮಾಸ್ಟರ್ಸ್ ಟೂರ್ನಿ), ಕೊನೇ ಸುತ್ತು, 15ನೇ ಹೋಲ್. ಅಮೆರಿಕದ ಆಟಗಾರ ಜೀನ್ ಸಾರಜನ್, ಮುಂದಿದ್ದ ಕ್ರೇಗ್ ವುಡ್ ಅವರಿಗಿಂತ ಮೂರು ಹೊಡೆತ ಹಿಂದಿದ್ದರು. ಗ್ರೀನ್‌ಗೆ 235 ಯಾರ್ಡ್, ಮುಂದೆ ನೀರು. ದೂರ ನೋಡಿದರೆ 3 ವುಡ್ ತೆಗೀಬೇಕಿತ್ತು. ಆದರೆ ಚೆಂಡು ಮೆತ್ತನೆ ನೆಲದಲ್ಲಿ ಸ್ವಲ್ಪ ಕೂತಿತ್ತು, ಅದಕ್ಕೆ ಲಾಫ್ಟ್ ಹೆಚ್ಚಿರೋ 4 ವುಡ್ ತಗೊಂಡು ಜೋರಾಗಿ ಹೊಡೆದರು. ಚೆಂಡು ನೇರ ಕುಳಿಗೆ ಹೋಯಿತು. ಪಾರ್ 5ರಲ್ಲಿ ಎರಡೇ ಹೊಡೆತ. ಮಾರನೇ ದಿನ 36 ಹೋಲ್ ಪ್ಲೇಆಫ್‌ನಲ್ಲಿ ಕ್ರೇಗ್ ವುಡ್ ಅವರನ್ನ ಸೋಲಿಸಿ ಗೆದ್ದರು. ಎಲ್ಲರೂ ಆ ಹೊಡೆತದ ಮಾತೇ ಆಡ್ತಾರೆ. ನನಗೆ ದೊಡ್ಡದಾಗಿ ಕಾಣೋದು ಅದಕ್ಕಿಂತ ಮುಂಚೆ ಬ್ಯಾಗಿನಿಂದ ಆ ಕ್ಲಬ್ ಎಳೆದ ಕ್ಷಣ.

ನಮ್ಮ ಊರಿನವರೇ ಬೇಕು ಅಂದ್ರೆ ಅದಿತಿ ಅಶೋಕ್. ಟೋಕಿಯೋ ಒಲಿಂಪಿಕ್ಸ್‌ನಲ್ಲಿ, 2021ರ ಆಗಸ್ಟ್‌ನಲ್ಲಿ, ನಾಲ್ಕನೇ ಸ್ಥಾನ ಬಂದಾಗ ಬೆಳಗ್ಗೆಯಿಂದ ಟಿವಿ ಬಿಟ್ಟು ಏಳಲಿಲ್ಲ ನಾನು. ಜೊತೆ ಆಡೋರ ಚೆಂಡು ಡ್ರೈವರ್‌ನಲ್ಲಿ ಎಷ್ಟೋ ಮುಂದೆ ಹೋಗಿ ನಿಲ್ತಿತ್ತು. ಅವರು ಸಣ್ಣ ಐರನ್ ಹಿಡಿಯೋ ಕಡೆ ಈ ಹುಡುಗಿ ಹೈಬ್ರಿಡ್, ವುಡ್ ಹಿಡಿದು ಗ್ರೀನ್‌ಗೆ ಹಾಕಿ, ಪಟ್ಟಿಂಗ್‌ನಲ್ಲಿ ಸರಿಗಟ್ಟಿದಳು. ಪದಕ ಒಂದೇ ಹೊಡೆತದಲ್ಲಿ ತಪ್ಪಿತು. ದೂರ ಕಮ್ಮಿ ಹೊಡೆಯೋರಿಗೆ ಈ ಕ್ಲಬ್‌ಗಳೇ ಆಧಾರ ಅಂತ ಅವತ್ತು ಇಡೀ ಜಗತ್ತು ನೋಡಿತು. ಸಾಧ್ಯವಾದರೆ ಆ ವಿಡಿಯೋ ಹುಡುಕಿ, ಅವರ ಸ್ವಿಂಗಿನ ಲಯ ನೋಡಿ. ವುಡ್ ಹಿಡಿದಾಗಲೂ ವೆಡ್ಜ್ ಹಿಡಿದಾಗಲೂ ಆತುರ ಇಲ್ಲ.

ಈಗ ಮಗ ಕೊಟ್ಟ ಕ್ಲಬ್. ಖಂಡಿತ ಇಟ್ಟುಕೊಳ್ಳಿ. ಟೀ ಮೇಲಿಂದ ಅದು ಚೆನ್ನಾಗಿ ಹೋಗುತ್ತೆ ಅಂದಿದ್ದೀರಿ, ಇಕ್ಕಟ್ಟಿನ ಹೋಲ್‌ಗಳಲ್ಲಿ ಡ್ರೈವರ್ ಬದಲು ಅದನ್ನೇ ಹೊಡೀರಿ. ಚೆಂಡಿನ ಕಾಲು ಭಾಗ ಮಾತ್ರ ಕ್ಲಬ್ಬಿನ ಮೇಲಂಚಿಗಿಂತ ಎತ್ತರ ಕಾಣೋ ಹಾಗೆ ಟೀ ಇಡಿ, ಅದಕ್ಕಿಂತ ಎತ್ತರ ಬೇಡ. ಶಾಫ್ಟ್ ತಲೆಗೆ ಸೇರೋ ಜಾಗದಲ್ಲಿ ಸಣ್ಣ ಸ್ಕ್ರೂ ಇದೆಯಾ ನೋಡಿ. ಇದ್ದರೆ ಲಾಫ್ಟ್ ಒಂದೂವರೆ ಡಿಗ್ರಿಯಷ್ಟು ಏರಿಸಬಹುದು. ಏರಿಸಿದಾಗ ಮುಖ ಸ್ವಲ್ಪ ಎಡಕ್ಕೆ ಮುಚ್ಚಿಕೊಳ್ಳುತ್ತೆ, ಸ್ಲೈಸ್ (ಚೆಂಡು ಬಲಕ್ಕೆ ತಿರುಗೋದು) ಇರೋರಿಗೆ ಅದೂ ಒಳ್ಳೇದೇ. ಹೀಗೆ ಸ್ಕ್ರೂ ಅಡಾಪ್ಟರ್ ಇರೋ ಕ್ಲಬ್ಬಾದರೆ ಹಗುರ ಶಾಫ್ಟ್ ಕೂಡ ಸುಲಭವಾಗಿ ಹಾಕಿಸಬಹುದು, 50 ಗ್ರಾಂ ಒಳಗಿನದ್ದು, ಲೇಡೀಸ್ ಫ್ಲೆಕ್ಸ್. ಈಗಿರೋ ಸ್ಟಿಫ್ ಶಾಫ್ಟ್ ನಿಮ್ಮ ವೇಗಕ್ಕೆ ಬಾಗೋದೇ ಇಲ್ಲ, ಚೆಂಡು ತಗ್ಗಾಗಿ ಬಲಕ್ಕೆ ಹೋಗೋದಕ್ಕೆ ಅದೂ ಒಂದು ಕಾರಣ. ಶಾಫ್ಟ್ ಬದಲಾಯಿಸೋರು ಉದ್ದವನ್ನೂ ಒಂದಿಂಚು ಕತ್ತರಿಸ್ತೀನಿ ಅಂದ್ರೆ, ತಲೆ ಹಗುರ ಅನ್ನಿಸೋಕೆ ಶುರುವಾಗುತ್ತೆ ಅನ್ನೋದನ್ನ ಮೊದಲೇ ಕೇಳಿ ತಿಳ್ಕೊಳ್ಳಿ.


ಬಿಟ್ಟಂಗಾಲ_ಕಾಫಿ:

ಫೇರ್‌ವೇಗೆ 7 ವುಡ್, ಬೋಳು ನೆಲಕ್ಕೂ ದಟ್ಟ ರಫ್‌ಗೂ ಹೈಬ್ರಿಡ್ ಎನ್ನುವುದಾದರೆ ನನಗೂ ಒಪ್ಪಿಗೆ. ಹಾಗಾದರೆ ಬ್ಯಾಗಿನಿಂದ ಯಾವುದನ್ನು ತೆಗೆಯುವುದು? 14 ಕ್ಲಬ್‌ಗಳ ಮಿತಿ ಇದೆಯಲ್ಲ.


ಚಲ್ಲಘಟ್ಟ_ಬ್ಯಾಗ್:

4 ಮತ್ತು 5 ಐರನ್ ತೆಗೀರಿ ಸಾರ್, ಅನುಮಾನವೇ ಬೇಡ. ಮೇಡಂ ಅವರಂಥ ವೇಗಕ್ಕೆ 5 ಐರನ್ನೂ 6 ಐರನ್ನೂ ಹೆಚ್ಚು ಕಮ್ಮಿ ಒಂದೇ ದೂರ ಹೋಗುತ್ತೆ. ಕ್ಲಬ್ಬಿನ ಸ್ಪರ್ಧೆಗೆ ಹೋಗೋ ದಿನ ಹಳೇದನ್ನ ಕಾರಲ್ಲೇ ಬಿಟ್ಟು ಹೋಗಿ. 15ನೇ ಕ್ಲಬ್ ಬ್ಯಾಗಲ್ಲಿ ಉಳಿದರೆ ಸ್ಟ್ರೋಕ್ ಪ್ಲೇಯಲ್ಲಿ ಹೋಲ್‌ಗೆ ಎರಡರಂತೆ ನಾಲ್ಕರವರೆಗೂ ಪೆನಾಲ್ಟಿ ಬೀಳುತ್ತೆ.

ಮೇಡಂ, ಒಂದು ಮಾತು ಬಿಟ್ಟುಹೋಗಿತ್ತು. ರೇಂಜ್‌ನ ಮ್ಯಾಟ್ ಮೇಲೆ ಹೊಡೆದು ಸರಿಯಿದೆ ಅಂತ ತೀರ್ಮಾನ ಮಾಡಬೇಡಿ. ಮ್ಯಾಟ್ ಮೇಲೆ ಎರಡಿಂಚು ಹಿಂದೆ ತಾಗಿದರೂ ಕ್ಲಬ್ ಜಾರಿ ಹೋಗಿ ಚೆಂಡು ಏಳುತ್ತೆ, ಹುಲ್ಲಲ್ಲಿ ಅದೇ ಹೊಡೆತ ಸಾಯುತ್ತೆ. ಮ್ಯಾಟ್ ಬಿಟ್ಟು ಬೇರೆ ಜಾಗ ಇಲ್ಲ ಅಂದ್ರೆ, ಒಂದು ಕೈ ಟವೆಲ್ ಮಡಚಿ ಚೆಂಡಿನ ಹಿಂದೆ ಆರಿಂಚು ದೂರಕ್ಕೆ ಹಾಕ್ಕೊಳ್ಳಿ. ಟವೆಲ್ಲಿಗೆ ತಾಗದೆ ಚೆಂಡಿಗೆ ಬರೋ ಹಾಗೆ ಹೊಡೀರಿ. ಮೊದಲು ಅರ್ಧ ಸ್ವಿಂಗ್, ಆಮೇಲೆ ಮುಕ್ಕಾಲು. ಪೂರ್ತಿ ಸ್ವಿಂಗ್‌ಗೆ ಹೋಗೋಕೆ ಆತುರ ಬೇಡ. 7 ವುಡ್ ಮುಕ್ಕಾಲು ಸ್ವಿಂಗ್‌ನಲ್ಲೇ ನಿಮಗೆ 110, 115 ಯಾರ್ಡ್ ಕೊಡುತ್ತೆ. 170 ಉಳಿದಿದ್ದರೆ ಅಲ್ಲಿಂದ 55, 60 ಯಾರ್ಡ್‌ನ ಒಂದು ಸಣ್ಣ ಹೊಡೆತ, ಒಂದು ಪಟ್ಟು. ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದರೆ ಮುಖದಲ್ಲಿ ಬಿರುಕು, ತಲೆಯ ಮೇಲ್ಭಾಗದಲ್ಲಿ ತಗ್ಗು, ತಲೆ ಅಲ್ಲಾಡಿಸಿದಾಗ ಒಳಗೆ ಗಲಗಲ ಸದ್ದು ಇದೆಯಾ ನೋಡಿ. ಗ್ರಿಪ್ ಸವೆದಿದ್ದರೆ ಪರವಾಗಿಲ್ಲ, ಹೊಸದು ಹಾಕಿಸಬಹುದು. ನೋಡೋವಾಗ ಫೋಟೋ ತೆಗೆದು ಇಲ್ಲಿ ಹಾಕಿ, ನಾನೂ ನೋಡಿ ಹೇಳ್ತೀನಿ.